ಬಾಡಿಗೆದಾರರು ಯಾರೂ ಇರಲಿಲ್ಲ

ಫೆಬ್ರವರಿ 9

ಮಾನ್ಯರೇ,

ನಾನು ಯಾರೆಂದು ನೆನಪಾಗಲಿಕ್ಕಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನಿಮ್ಮ ಮನೆ ಕೊಂಡವಳು. ಸಹಿ ಹಾಕುವ ದಿನ ನನ್ನ ಪೆನ್ನು ಕೈಕೊಟ್ಟು ನಿಮ್ಮದನ್ನು ಕೇಳಿ ಪಡೆದೆನಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನಲ್ಲಿ ಕೂರುವವಳು, ಅದೇ ನಾನು. ಫೋನು ಮಾಡಿ ನೋಡಿದೆ, ನೀವು ಎತ್ತಲಿಲ್ಲ. ಕ್ರಯದ ಕಾಗದಗಳಲ್ಲಿ ನಿಮ್ಮ ಹೊಸ ವಿಳಾಸವಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ತೆರಿಗೆ ಕಚೇರಿಯಿಂದ ನಮಗೊಂದು ನೋಟಿಸು ಬಂದಿದೆ. ಕ್ರಯ ಮುಗಿದ ದಿನ ಒಂದು ಕೊನೆಯ ಲೆಕ್ಕಪತ್ರ ಮಾಡಿ, ಕೊಂಡವರ ಭಾಗ ನಮಗೂ ಮಾರಿದವರ ಭಾಗ ನಿಮಗೂ ಕೊಟ್ಟರಲ್ಲ, ಅದರಲ್ಲಿ ಈ ಮನೆ 'ಬಾಡಿಗೆಗೆ ಕೊಟ್ಟದ್ದು' ಎಂದು ದಾಖಲಾಗಿದೆ. ಬಾಡಿಗೆ ಮನೆಗೆ ತೆರಿಗೆ ಹೆಚ್ಚು. ಈಗ ನಾವೇ ವಾಸವಿದ್ದೇವೆ ಸ್ವಾಮಿ ಎಂದರೆ, 'ಹಾಗಾದ್ರೆ ಹಿಂದಿನ ಬಾಡಿಗೆದಾರರು ಯಾರು, ಯಾವಾಗ ಬಿಟ್ರು, ಮಾರಿದವರ ಕಾಗದದ ಪ್ರತಿ ಜೊತೆ ಬರೆದುಕೊಡಿ' ಎನ್ನುತ್ತಾರೆ. ಏಪ್ರಿಲ್ ಕೊನೆಯವರೆಗೆ ಗಡುವು. ಕೊಡದಿದ್ದರೆ ವರ್ಷಪೂರ್ತಿ ಹೆಚ್ಚಿನ ತೆರಿಗೆ ಕಟ್ಟಬೇಕು. ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್, ನನ್ನ ಸಂಬಳವೂ ಅಷ್ಟಕ್ಕಷ್ಟೇ. ಮನೆ ಸಾಲದ ಕಂತಿಗೇ ಉಸಿರು ಕಟ್ಟುತ್ತಿದೆ. ನೀವು ಆ ಪ್ರತಿಯನ್ನೂ ಬಾಡಿಗೆದಾರರ ಹೆಸರನ್ನೂ ಕಳಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಆ ಬಾಡಿಗೆದಾರರ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ, ಆದರೆ ತಡೆಯಲಾಗುತ್ತಿಲ್ಲ. ಮನೆ ನೋಡಲು ಬಂದಾಗ ಅರ್ಧ ಗೊತ್ತಿತ್ತು, ಬೀಗ ಕೈಗೆ ಬಂದ ಮೇಲೆ ಪೂರ್ತಿ ನೋಡಿದೆವು. ಹಿಂದಿನ ಕೋಣೆಯ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು, ನಮ್ಮನೆಯವರು ಹೊಟ್ಟೆ ಒಳಗೆಳೆದುಕೊಂಡು ನುಗ್ಗಬೇಕಾಯಿತು. ಒಳಗೆ ಕಿಟಕಿಯೆತ್ತರಕ್ಕೆ ಬಟ್ಟೆ. ಕೋಟು, ಷರಟು, ಗಂಡಸರದ್ದು, ಹೆಂಗಸರದ್ದು, ಒಂದು ಮದುವೆಯ ಗೌನು ಬೇರೆ. ಸ್ನಾನದ ತೊಟ್ಟಿಯ ತುಂಬ ಖಾಲಿ ಡಬ್ಬಿ, ರಟ್ಟಿನ ಪೆಟ್ಟಿಗೆ. ಹಾಗಾದರೆ ಆ ಪುಣ್ಯಾತ್ಮರು ಸ್ನಾನ ಎಲ್ಲಿ ಮಾಡುತ್ತಿದ್ದರೋ. ಮಲಗಲು ಸೋಫಾದ ಮೇಲೆ ಒಬ್ಬರಿಗಾಗುವಷ್ಟು ಜಾಗ ಮಾತ್ರ ಇತ್ತು. ಆ ಬಟ್ಟೆಯ ಅಳತೆಗಳನ್ನು ನೋಡಿದರೆ ಕಡಿಮೆಯೆಂದರೂ ಏಳೆಂಟು ಜನ ಪಾಳಿಯ ಮೇಲೆ ಮಲಗುತ್ತಿದ್ದರು ಎಂದು ನಮ್ಮನೆಯವರ ಅಂದಾಜು. ಮನುಷ್ಯರು ಹೀಗೂ ಬದುಕುತ್ತಾರಾ ಅನ್ನಿಸಿತು. ನಿಮ್ಮಂಥ ಅಚ್ಚುಕಟ್ಟಿನವರಿಗೆ ಎಷ್ಟು ಸಂಕಟವಾಗಿರಬೇಕು. ಅವತ್ತು ನಿಮ್ಮ ಸೀರೆಯ ಇಸ್ತ್ರಿಯ ಗೆರೆ ನೋಡಿಯೇ ನಾನು ನಮ್ಮನೆಯವರಿಗೆ ಹೇಳಿದ್ದೆ, ಪಾಪ, ಇಂಥವರ ಮನೆಗೆ ಎಂಥವರು ಒಕ್ಕರಿಸಿಕೊಂಡರು ನೋಡಿ ಅಂತ.

ಉತ್ತರಕ್ಕಾಗಿ ಕಾಯುತ್ತೇನೆ.

ಇಂತಿ,
ನಿಮ್ಮ ಮನೆ ಕೊಂಡವಳು


ಫೆಬ್ರವರಿ 20

ಮಾನ್ಯರಿಗೆ,

ನಿಮ್ಮ ಪತ್ರ ತಲುಪಿತು. ಲೆಕ್ಕಪತ್ರದಲ್ಲಿ ಮಾರಿದವರ ಭಾಗದ ಪ್ರತಿಯನ್ನು ಇದರೊಂದಿಗೆ ಇರಿಸಿದ್ದೇನೆ.

ಬಾಡಿಗೆದಾರರ ಹೆಸರು, ವಿಳಾಸ ನನ್ನಲ್ಲಿಲ್ಲ. ಎಲ್ಲವೂ ಬಾಯಿಮಾತಿನ ಒಪ್ಪಂದವಾಗಿತ್ತು. ಹೇಳದೆ ಕೇಳದೆ ಬಿಟ್ಟುಹೋದರು. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ನನ್ನಿಂದ ಆಗಲಾರದು.

ಇಂತಿ,
ಮನೆ ಮಾರಿದವರು


ಫೆಬ್ರವರಿ 20

ತಮ್ಮಾ,

ನನ್ನ ತೆರಿಗೆ ಲೆಕ್ಕ ಬರೆಯಲು ಕೂತು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಮಾತು ಹಾರಿಸಿದೆ. ಈಗ ಬರೆಯುತ್ತೇನೆ. ಓದುವಾಗ ನಿನ್ನ ಮುಖ ನನಗೆ ಕಾಣುವುದಿಲ್ಲ, ಅದೊಂದೇ ಸಮಾಧಾನ.

'ಅಕ್ಕಾ, ಇಷ್ಟು ವರ್ಷ ನೀನೇ ಇದ್ದ ಮನೇನ ಬಾಡಿಗೆ ಮನೆ ಅಂತ ಬರೆದಿದಾರಲ್ಲ, ಯಾವ ಬೆಪ್ಪು ಅವನು?' ಎಂದು ಕೇಳಿದೆ. ಬೆಪ್ಪು ನಾನೇ. ನಾನು ಹೇಳಿದ್ದನ್ನು ಅವನು ಬರೆದುಕೊಂಡ.

ಆ ದಿನ ಕಚೇರಿಯಲ್ಲಿ ಮೇಜಿನ ಈಚೆ ನಾನು, ಆಚೆ ಕೊಳ್ಳುವ ಗಂಡ ಹೆಂಡತಿ. ಗುಮಾಸ್ತ ಯಾವುದೋ ಕಾಗದದ ಪ್ರತಿ ತೆಗೆಯಲು ಒಳಗೆ ಹೋಗಿದ್ದ. ಸುಮ್ಮನೆ ಕೂರುವುದು ಹೇಗೆಂದು ಆ ಗಂಡ ಮಾತಿಗೆ ಶುರುಮಾಡಿದ. 'ಎಂಥಾ ಜನ ಇದ್ರೋ ಏನೋ ಮೇಡಂ ಅಲ್ಲಿ, ಅಡುಗೆಮನೆಗೆ ಹೋಗಕ್ಕೂ ದಾರಿ ಇರ್ಲಿಲ್ಲ' ಎಂದ. ಕೆಟ್ಟ ಮನಸ್ಸಿನಿಂದಲ್ಲ. ಅವರು ದಲ್ಲಾಳಿಯ ಜೊತೆ ಮನೆ ನೋಡಲು ಬಂದಾಗ ನಾನು ಬೇಕೆಂದೇ ಹೊರಗೆ ಹೋಗಿದ್ದೆ, ಅಲ್ಲಿ ವಾಸವಿದ್ದವಳು ಎದುರಿಗೇ ಕೂತಿದ್ದಾಳೆಂದು ಅವನಿಗೇನು ಗೊತ್ತು. ನಾನು ನನ್ನ ಚೀಲದ ಹಿಡಿ ನೋಡುತ್ತ ಕೂತೆ. ಅಷ್ಟರಲ್ಲಿ ಗುಮಾಸ್ತ ಬಂದು, ಕಾಗದದಿಂದ ತಲೆಯೆತ್ತದೆ ಸಾಲುಸಾಲಾಗಿ ಓದತೊಡಗಿದ. 'ಮಾರುವವರು ಸ್ವತಃ ವಾಸವಿದ್ದರೋ, ಬಾಡಿಗೆಗೆ ಕೊಟ್ಟಿದ್ದರೋ?' 'ಬಾಡಿಗೆಗೆ ಕೊಟ್ಟಿದ್ದೆ' ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಹಾಗೇ ಜಾರಿತು. ಆ ಹುಡುಗಿ ಮೇಜಿನ ಮೇಲೆ ಕೈ ಚಾಚಿ ನನ್ನ ಕೈ ಮುಟ್ಟಿ 'ಅಯ್ಯೋ ಪಾಪ, ಹಾಳುಮಾಡ್ಬಿಟ್ರಲ್ಲ ನಿಮ್ಮನೇನ' ಅಂದಳು. ನೆಲ ಬಿರಿಯಬಾರದೇ ಅನ್ನಿಸಿತು. ಬಿರಿಯಲಿಲ್ಲ. ಸಹಿ ಹಾಕಿ ಬಂದೆ.

ಬಾಡಿಗೆದಾರರು ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳು.

ಈಗ ನಿನಗೆ ಹಳೆಯದೆಲ್ಲ ನೆನಪಾಗುತ್ತಿರಬೇಕು. ನೀನು ಬಂದಾಗಲೆಲ್ಲ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲೇ ಯಾಕೆ ಸಿಗುತ್ತಿದ್ದೆ, ನಿನ್ನ ಹೆಂಡತಿ ಒಮ್ಮೆ 'ಅಕ್ಕನ ಮನೇಲಿ ಒಂದು ರಾತ್ರಿ ಇರೋಣ' ಎಂದಾಗ ಜ್ವರ ಎಂದು ಯಾಕೆ ಸುಳ್ಳು ಹೇಳಿದೆ ಎಂಬುದೆಲ್ಲ. ನನ್ನ ಲಾಂಡ್ರಿ ಅಂಗಡಿ ಮುಚ್ಚಿದಾಗ, ಯಾರೂ ಬಂದು ಒಯ್ಯದ ಬಟ್ಟೆಗಳು ಉಳಿದಿದ್ದವು. ಒಗೆದು, ಇಸ್ತ್ರಿ ಮಾಡಿ, ಚೀಟಿ ಸಿಕ್ಕಿಸಿಟ್ಟ ಬಟ್ಟೆ. ಎಸೆಯುವುದು ಹೇಗೆ? ನಾಳೆ ಯಾರಾದರೂ ಬಂದು ನನ್ನ ಕೋಟೆಲ್ಲಿ ಎಂದರೆ? ಮನೆಗೆ ತಂದೆ. ಆಮೇಲೆ ಅವುಗಳನ್ನು ಇಡಲು ಪೆಟ್ಟಿಗೆ ತಂದೆ. ಆಮೇಲೆ ಪೆಟ್ಟಿಗೆ ಎಲ್ಲಿ ಕಂಡರೂ ತಂದೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ, ಕೇಳಬೇಡ.

ತೆರಿಗೆ ಹೆಚ್ಚು ಬಂತೆಂದು ಆ ಹುಡುಗಿ ಬಾಡಿಗೆದಾರರ ಹೆಸರು ಕೇಳಿ ಬರೆದಿದ್ದಾಳೆ. ಇಲ್ಲವೆಂದು ಬರೆದಿದ್ದೇನೆ. ನನ್ನ ಪಾಲಿಗೆ ಬರುವ ತೆರಿಗೆ ಎಷ್ಟಾದರೂ ಕಟ್ಟಿಬಿಡು. ಕಾಗದ ತಿದ್ದಿಸುವ ಮಾತು ಬೇಡ.

ನಿನ್ನ ಅಕ್ಕ


ಮಾರ್ಚ್ 2

ಅಕ್ಕಾ,

ನಿನ್ನ ಪತ್ರವನ್ನು ಆಫೀಸಿನಲ್ಲಿ ಓದಿದೆ, ಮನೆಗೆ ಬಂದು ಮತ್ತೆ ಓದಿದೆ. ಹೆಂಡತಿಗೆ ತೋರಿಸಿಲ್ಲ. ಜ್ವರದ ವಿಷಯ ಅವಳಿಗೆ ಅವತ್ತೇ ಅನುಮಾನವಿತ್ತು. 'ನಾನು ಬರೋದು ಅಕ್ಕಂಗೆ ಇಷ್ಟ ಇಲ್ಲ' ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅವಳಿಗಾದರೂ ಒಂದು ದಿನ ನಿಜ ಹೇಳು.

ಬೈಯಬೇಕೆಂದು ಕೂತೆ. ಬೈಗುಳ ಬರುತ್ತಿಲ್ಲ. ಜನರ ತೆರಿಗೆ ಲೆಕ್ಕ ನೋಡುವುದೇ ನನ್ನ ಕಸುಬು, ಯಾರ ಮನೆಯಲ್ಲಿ ಏನು ನಡೆಯುತ್ತದೆಂದು ಅವರ ರಸೀದಿ ನೋಡಿಯೇ ಹೇಳುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತೇನೆ. ಸ್ವಂತ ಅಕ್ಕ ಹೊಸ್ತಿಲ ಹೊರಗೇ ನಿಲ್ಲಿಸಿ ಕಳಿಸುತ್ತಿದ್ದಾಳೆಂದು ಇಷ್ಟು ವರ್ಷ ತಲೆಗೆ ಹೋಗಲಿಲ್ಲ. ನನಗೂ ನಾಚಿಕೆಯಾಗಿದೆ.

ಈಗ ಕೆಲಸದ ಮಾತು. ಸ್ವಂತ ವಾಸದ ಮನೆ ಮಾರಿದರೆ ಲಾಭದ ಮೇಲೆ ತೆರಿಗೆಯಿಲ್ಲ. ಬಾಡಿಗೆ ಮನೆಯಾದರೆ ಇದೆ. ಕಟ್ಟುತ್ತೇನೆ ಎನ್ನುತ್ತೀಯ, ಕಟ್ಟು. ಈಗಿರುವ ಫ್ಲಾಟಿನ ಬಾಕಿ ಕಟ್ಟಲು ಇಟ್ಟ ಹಣದಲ್ಲಿ ಅರ್ಧ ಹೋಗುತ್ತದೆ. ಆಮೇಲೆ ನನ್ನ ಮನೆಗೆ ಬಂದು ಇರು, ಬೇಡ ಅನ್ನುವವರು ಯಾರೂ ಇಲ್ಲ.

ಆದರೆ ಆ ಹುಡುಗಿ ಯಾಕೆ ಕಟ್ಟಬೇಕು, ಅದನ್ನು ಹೇಳು. ಅವಳು ಮಾಡಿದ ತಪ್ಪೇನು, ನಿನ್ನ ಕೈ ಮುಟ್ಟಿದ್ದೇ?

ತಿದ್ದಿಸುವುದು ಕಷ್ಟದ ಕೆಲಸವಲ್ಲ. ನೀನೊಂದು ಹೇಳಿಕೆ ಬರೆಯಬೇಕು, ಕೊಂಡವರು ಅದಕ್ಕೆ ಒಪ್ಪಿಗೆಯ ಸಹಿ ಹಾಕಬೇಕು. ಅದೇ ಗುಮಾಸ್ತನ ಮುಂದೆ ಎರಡೂ ಕಡೆಯವರು ಕೂತು, ಅವನು ಅದನ್ನು ಗಟ್ಟಿಯಾಗಿ ಓದಿ, ಎಲ್ಲರೂ ಹೌದೆಂದ ಮೇಲೆ ಲೆಕ್ಕಪತ್ರಕ್ಕೆ ಲಗತ್ತಿಸುತ್ತಾರೆ. ಆ ಗಟ್ಟಿಯಾಗಿ ಓದುವುದೊಂದು ನಿನಗೆ ಕಷ್ಟ, ಗೊತ್ತು. ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ. ಬೇಕಾದರೆ ಆ ಹೊತ್ತಿಗೆ ಕೆಮ್ಮುತ್ತೇನೆ.

ನಿನ್ನ ತಮ್ಮ


ಮಾರ್ಚ್ 18

ಅಮ್ಮಾ,

ಮಾನ್ಯರೇ ಎಂದು ಬರೆಯಲು ಮನಸ್ಸಾಗುತ್ತಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮ ಪ್ರತಿ ಸಿಕ್ಕಿತು. ತೆರಿಗೆಯವರು ಅದನ್ನು ಇಟ್ಟುಕೊಂಡು, 'ಹೆಸರಿಲ್ಲದ ಬಾಡಿಗೆದಾರರು ಇರ್ತಾರಾ, ಹೋಗಿ ವಿಚಾರಿಸಿ ಬನ್ನಿ' ಎಂದು ವಾಪಸು ಕಳಿಸಿದರು. ಅಲ್ಲಿಂದ ಇಲ್ಲಿ ಒಂದು ದೊಡ್ಡ ರಾಮಾಯಣವೇ ಆಗಿದೆ. ನಿಮಗೆ ತಿಳಿಸದೆ ಮುಂದುವರಿಯಬಾರದೆಂದು ಬರೆಯುತ್ತಿದ್ದೇನೆ.

ಆ ಬಟ್ಟೆಗಳನ್ನು ನಾವಿನ್ನೂ ಶೆಡ್ಡಿನಲ್ಲೇ ಇಟ್ಟಿದ್ದೇವೆ. ಮೊನ್ನೆ ನಮ್ಮನೆಯವರು ಒಂದೊಂದಾಗಿ ತೆಗೆದು ನೋಡಿದರು. ಒಂದನ್ನೂ ಯಾರೂ ತೊಟ್ಟಂತಿಲ್ಲ. ಎಲ್ಲ ಇಸ್ತ್ರಿಯಾದದ್ದು, ಪ್ರತಿಯೊಂದಕ್ಕೂ ಪಿನ್ನು ಚುಚ್ಚಿದ ಚೀಟಿ, ಚೀಟಿಯಲ್ಲಿ ಬರೀ ಸಂಖ್ಯೆ. ಅವರಿಗೆ ತಲೆಯಲ್ಲಿ ದೀಪ ಹತ್ತಿತು. ಇದು ಬಾಡಿಗೆದಾರರ ಬಟ್ಟೆಯಲ್ಲ, ಕದ್ದ ಮಾಲು, ನಿಮಗೆ ಮೋಸ ಮಾಡಿ ನಿಮ್ಮ ಮನೆಯನ್ನು ಗೋದಾಮು ಮಾಡಿಕೊಂಡಿದ್ದರು ಎಂದರು. ನನಗೂ ಹೌದೆನ್ನಿಸಿತು.

ಪಕ್ಕದ ಮನೆಯ ಕಂಡಕ್ಟರ್ ತಾತನನ್ನು ಕೇಳಿದೆವು. ನಿವೃತ್ತ ಬಸ್ ಕಂಡಕ್ಟರು, ನಿಮಗೆ ಗೊತ್ತಿರಬೇಕಲ್ಲ, ಒಂದೇ ಗೋಡೆಯ ಆಚೆಬದಿ. ಮೊದಲು 'ಬಾಡಿಗೆದಾರರಾ? ಅಲ್ಲಿ ಯಾವ ಬಾಡಿಗೆದಾರರೂ ಇರ್ಲಿಲ್ಲವಲ್ಲಪ್ಪ' ಎಂದರು. ಇಲ್ಲ ತಾತ, ಮನೆಯ ಅಮ್ಮನೇ ಕಚೇರಿಯಲ್ಲಿ ಹೇಳಿದ್ದಾರೆ, ಕಾಗದದಲ್ಲೂ ಇದೆ ಎಂದೆ. ಅದಕ್ಕೆ ಅವರು 'ಓಹೋ, ಹಾಗೆ ಹೇಳಿದಾರಾ. ಹಾಗಾದ್ರೆ ಇದ್ದಿರ್ಬೇಕು, ನನಗೆ ಮರೆವು' ಎಂದರು. ನಮ್ಮನೆಯವರಿಗೆ ಇದು ಸರಿ ಕಾಣಲಿಲ್ಲ. ಒಂದು ನಿಮಿಷದಲ್ಲಿ ಮಾತು ಬದಲಾಯಿಸುವುದೆಂದರೇನು? ಅಷ್ಟೆಲ್ಲ ಬಟ್ಟೆ ನಿಮ್ಮ ಕಣ್ಣೆದುರೇ ಒಳಗೆ ಹೋಗಿದೆ, ಯಾರು ತಂದು ಹಾಕಿದ್ದು ಹೇಳಿ, ಇಲ್ಲವಾದರೆ ಪೊಲೀಸರಿಗೆ ಹೇಳುತ್ತೇನೆ ಎಂದರು. ಬೀದಿಯಲ್ಲಿ ನಿಂತೇ ಈ ಮಾತೆಲ್ಲ. ಎದುರು ಮನೆಯವರು ಕಿಟಕಿಗೆ ಬಂದಿದ್ದರು.

ಆಗ ತಾತ ಏನು ಹೇಳಿದರು ಗೊತ್ತಾ? 'ಆ ಸಾಮಾನೆಲ್ಲ ನಂದೇ ಕಣಪ್ಪ. ಖಾಲಿ ಮನೆ ಅಂತ ತುಂಬ್ಕೊಂಡಿದ್ದೆ. ಅವರಿಗೆ ಗೊತ್ತಿಲ್ಲ' ಎಂದರು.

ಅಷ್ಟು ವಯಸ್ಸಾದವರು. ಅವತ್ತಿನಿಂದ ಬೀದಿಯಲ್ಲಿ ಯಾರೂ ಅವರ ಹತ್ತಿರ ಮಾತಾಡುತ್ತಿಲ್ಲ. ಹಾಲಿನವನು ಕೂಡ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ನಮ್ಮನೆಯವರು ತಿಂಗಳ ಕೊನೆಯಲ್ಲಿ ದೂರು ಕೊಡುತ್ತೇನೆ ಎನ್ನುತ್ತಿದ್ದಾರೆ, ಅದಕ್ಕೆ ನಿಮ್ಮ ಸಹಿಯೂ ಬೇಕಂತೆ, ಮನೆ ಆಗ ನಿಮ್ಮದಾಗಿತ್ತಲ್ಲ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಒಪ್ಪದಿರಲು ಕಾರಣವೂ ಸಿಗುತ್ತಿಲ್ಲ. ನೀವು ಏನು ಹೇಳುತ್ತೀರೋ ಹಾಗೆ.

ಇಂತಿ,
ನಿಮ್ಮ ಮನೆಯಲ್ಲಿರುವವಳು


ಮಾರ್ಚ್ 22

ತಂಗೀ,

ಈ ಪತ್ರ ತಲುಪಿದ ಕೂಡಲೇ, ಇದನ್ನು ಪೂರ್ತಿ ಓದುವುದಕ್ಕೂ ಮೊದಲು, ನಿನ್ನ ಯಜಮಾನರಿಗೆ ದೂರು ಕೊಡಬೇಡಿ ಎಂದು ಹೇಳಿ ಬಾ. ಹೇಳಿದೆಯಾ? ಈಗ ಓದು.

ಆ ಮನೆಯಲ್ಲಿ ಬಾಡಿಗೆದಾರರು ಯಾರೂ ಇರಲಿಲ್ಲ. ನಾನಿದ್ದೆ. ಏಳೆಂಟು ಜನರಲ್ಲ, ನಾನೊಬ್ಬಳೇ. ಸೋಫಾದ ಮೇಲಿನ ಆ ಜಾಗ ನನ್ನದು. ಸ್ನಾನ ಎಲ್ಲಿ ಮಾಡುತ್ತಿದ್ದರೋ ಎಂದು ಕೇಳಿದ್ದೆಯಲ್ಲ, ಅಡುಗೆಮನೆಯ ಸಿಂಕಿನ ಮುಂದೆ ಒಂದು ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಮಾಡುತ್ತಿದ್ದೆ. ಬಟ್ಟೆಗೆ ಮಾತ್ರ ಇಸ್ತ್ರಿ ಹಾಕಿಕೊಂಡೇ ಹೊರಗೆ ಬರುತ್ತಿದ್ದೆ. ಆ ಗೆರೆ ನೋಡಿ ನೀನು ಮೆಚ್ಚಿದೆ. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಬಟ್ಟೆಗಳು ಕದ್ದವಲ್ಲ. ನನಗೆ ಲಾಂಡ್ರಿ ಅಂಗಡಿಯಿತ್ತು. ವಾರಸುದಾರರು ಬಂದು ಒಯ್ಯದ್ದು ಅವು. ಚೀಟಿಯ ಸಂಖ್ಯೆ ಬರೆದದ್ದು ನಾನು, ಪಿನ್ನು ಚುಚ್ಚಿದ್ದೂ ನಾನೇ. ಡಬ್ಬಿ, ಪೆಟ್ಟಿಗೆ, ಉಳಿದ ಹಾಳುಮೂಳೆಲ್ಲ ನನ್ನದೇ. ಕಂಡಕ್ಟರ್ ಅವರದು ಆ ಮನೆಯಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ. ಅವರು ಒಳಗೆ ಕಾಲಿಟ್ಟವರೇ ಅಲ್ಲ, ನಾನು ಬಿಡಲಿಲ್ಲ. ಅವರು ಮೊದಲು ಹೇಳಿದ್ದೇ ಸತ್ಯ. ಆಮೇಲೆ ಹೇಳಿದ್ದು ನನ್ನ ಮಾನ ಉಳಿಸಲು.

ಕಚೇರಿಯಲ್ಲಿ ನಾನು ಸುಳ್ಳು ಹೇಳಿದ್ದು ತೆರಿಗೆ ಉಳಿಸಲಿಕ್ಕಲ್ಲ. ಅದರಿಂದ ನನಗೇ ನಷ್ಟ. ನೀವಿಬ್ಬರೂ ಆ ಮನೆ ನೋಡಿ ಬಂದಿದ್ದಿರಿ, ಅಲ್ಲಿದ್ದವಳು ನಾನೆಂದು ನಿಮಗೆ ಗೊತ್ತಾಗಬಾರದಿತ್ತು, ಅಷ್ಟೇ. ನಿಮ್ಮನ್ನು ಮತ್ತೆ ನೋಡುವ ಪ್ರಸಂಗವೇ ಬರುವುದಿಲ್ಲ, ಒಂದು ಗಂಟೆಯ ಮಟ್ಟಿಗೆ ಮರ್ಯಾದೆಯಿಂದ ಕೂತು ಎದ್ದುಹೋಗೋಣ ಎಂದುಕೊಂಡೆ. ಅದರ ಬಿಲ್ಲು ನಿನಗೆ ಬಂತು, ಈಗ ಆ ಹಿರಿಯರಿಗೆ ಬಂದಿದೆ.

ಹೋದ ತಿಂಗಳು ನೀನು ಬರೆದಾಗಲೇ ಹೇಳಬಹುದಿತ್ತು. ಹೇಳದೆ, ಹೆಸರಿಲ್ಲ ವಿಳಾಸವಿಲ್ಲ ಎಂದು ದೊಡ್ಡ ಮನುಷ್ಯಳ ಹಾಗೆ ಬರೆದೆ. ನನ್ನ ತಮ್ಮ ಬುದ್ಧಿ ಹೇಳಿದ ಮೇಲೂ ಮೂರು ವಾರ ಸುಮ್ಮನಿದ್ದೆ. ಕಂಡಕ್ಟರ್ ಅವರ ವಿಷಯ ಬರದಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಇದನ್ನೂ ನಿನಗೆ ಹೇಳಿಬಿಡುತ್ತೇನೆ.

ತಿದ್ದುಪಡಿಯ ಹೇಳಿಕೆ ಬರೆದು ತಮ್ಮನಿಗೆ ಕೊಟ್ಟಿದ್ದೇನೆ. ನೀವಿಬ್ಬರೂ ಬಂದು ಸಹಿ ಹಾಕಬೇಕು. ಆ ದಿನ ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ.

ಈ ಪತ್ರವನ್ನು ಎದುರು ಮನೆಯವರಿಗೂ ಹಾಲಿನವನಿಗೂ ಓದಿ ಹೇಳು. ಕಿಟಕಿಗೆ ಬಂದವರು ಇದನ್ನೂ ಕೇಳಿಸಿಕೊಳ್ಳಲಿ.

ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡು. ಯಾರಿಗೆ ಎಂದು ನನಗೆ ತಿಳಿಸಬೇಡ, ತಿಳಿದರೆ ವಾಪಸು ಕೇಳುತ್ತೇನೆ.

ಇಂತಿ,
ಆ ಮನೆಯಲ್ಲಿದ್ದವಳು


ಏಪ್ರಿಲ್ 4

ಅಮ್ಮಾ,

ಏನು ಬರೆಯುವುದೋ ಗೊತ್ತಾಗದೆ ಇಷ್ಟು ದಿನವಾಯಿತು. ನಾನು ಫೆಬ್ರವರಿಯಲ್ಲಿ ಬರೆದ ಪತ್ರದಲ್ಲಿ ಏನೇನು ಬರೆದಿದ್ದೆ ಎಂದು ನೆನಪು ಮಾಡಿಕೊಂಡೆ. ಮನುಷ್ಯರು ಹೀಗೂ ಬದುಕುತ್ತಾರಾ ಎಂದು ಬರೆದಿದ್ದೆ, ಅಲ್ವಾ? ನಿಮಗೇ ಬರೆದಿದ್ದೆ. ದಯವಿಟ್ಟು ಅದನ್ನು ಹರಿದುಹಾಕಿ. ನಾನು ದಿನವಿಡೀ ಬಾಯಿ ತೆರೆಯಲು ನಾಚುವ ಜನರ ಜೊತೆಯೇ ಕೆಲಸ ಮಾಡುವವಳು. ಹುಳುಕು ಹಲ್ಲು ತೋರಿಸಲು ಹಿಂಜರಿದು ವರ್ಷಗಟ್ಟಲೆ ನೋವು ತಿಂದವರು ಬರುತ್ತಾರೆ, ಏನೂ ಪರವಾಗಿಲ್ಲ ಬನ್ನಿ ಎಂದು ನಾನೇ ಒಳಗೆ ಕಳಿಸುತ್ತೇನೆ. ಆದರೂ ಹಾಗೆ ಬರೆದೆ.

ನಮ್ಮನೆಯವರಿಗೆ ಪತ್ರ ಓದಿ ಹೇಳಿದೆ. ಕೇಳಿ ಎದ್ದು ಶೆಡ್ಡಿಗೆ ಹೋದರು, ತುಂಬ ಹೊತ್ತು ಬರಲಿಲ್ಲ. ಆಮೇಲೆ ತಾತನ ಮನೆಗೆ ಹೋದರು. ಕ್ಷಮೆ ಕೇಳಲು ಹೋದವರು, ಬಾಯಿ ಬರದೆ, 'ತಾತ, ನಿಮ್ಮ ಗೇಟು ಕಿರುಗುಟ್ಟುತ್ತೆ, ಎಣ್ಣೆ ಹಾಕ್ಲಾ' ಎಂದರಂತೆ. ತಾತ 'ಹಾಕಪ್ಪ' ಎಂದರಂತೆ. ಗೇಟಿಗೆ ಎಣ್ಣೆ ಹಾಕಿ ಬಂದರು. ಮಾರನೆಯ ದಿನ ಮತ್ತೆ ಹೋಗಿ ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ತಪ್ಪು ನನ್ನದು ಎಂದು ಹೇಳಿದರು. ನಿಮ್ಮ ಪತ್ರವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಅಷ್ಟು ಸಾಕೆಂದು ತಾತನೇ ತಡೆದರು.

ತಾತ ನಿಮ್ಮ ವಿಳಾಸ ಕೇಳಿದರು, ಕೊಟ್ಟಿದ್ದೇನೆ. ಕೊಡಬಾರದಿತ್ತೇನೋ.

ನಿಮ್ಮ ತಮ್ಮ ತಿಳಿಸಿದ ಹಾಗೆ ಏಪ್ರಿಲ್ ಹದಿನೇಳಕ್ಕೆ ಕಚೇರಿಗೆ ಬರುತ್ತೇವೆ. ಮಾತಾಡಲೇಬೇಕೆಂದಿಲ್ಲ ಎಂದು ಬರೆದಿದ್ದೀರಿ. ನಾನು ಮಾತಾಡದೆ ಇರಬಲ್ಲವಳಲ್ಲ, ನಿಮಗೆ ಗೊತ್ತೇ ಇದೆ.

ಇಂತಿ,
ನಿಮ್ಮ ತಂಗಿ ಎಂದೇ ಬರೆಯುತ್ತೇನೆ


ಏಪ್ರಿಲ್ 20

ಲಾಂಡ್ರಿ ಅಕ್ಕನವರಿಗೆ,

ಕಾಗದ ಬರೆದು ಅಭ್ಯಾಸವಿಲ್ಲ. ಟಿಕೆಟ್ಟು ಬರೆದು ಅಭ್ಯಾಸ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಚೇರಿಯಲ್ಲಿ ಎಲ್ಲ ಮುಗಿಯಿತೆಂದು ಹುಡುಗಿ ಹೇಳಿದಳು. ನೀವು ಗಟ್ಟಿಯಾಗಿ ಕೂತಿದ್ದಿರಂತೆ. ನಿಮ್ಮ ತಮ್ಮ ಮಧ್ಯದಲ್ಲಿ ಒಂದೇ ಸಮನೆ ಕೆಮ್ಮಿದರಂತೆ, ಗುಮಾಸ್ತ ನೀರು ತರಿಸಿಕೊಟ್ಟನಂತೆ.

ನಿಮ್ಮಲ್ಲಿ ನಾನು ಕ್ಷಮೆ ಕೇಳುವುದಿದೆ. ಅವರು ಕೇಳಿದಾಗ ಮೊದಲು ನಾನು ಯಾವ ಬಾಡಿಗೆದಾರರೂ ಇರಲಿಲ್ಲ ಎಂದುಬಿಟ್ಟೆ. ನಾಲಿಗೆಗೆ ಲಗಾಮಿಲ್ಲ. ನೀವು ಏನು ಹೇಳಿದ್ದೀರಿ ಎಂದು ಮೊದಲೇ ತಿಳಿದಿದ್ದರೆ ಬಾಡಿಗೆದಾರರಿಗೆ ಒಳ್ಳೆಯ ಹೆಸರುಗಳನ್ನೇ ಇಟ್ಟುಕೊಡುತ್ತಿದ್ದೆ.

ನಾನು ಆಗಾಗ ಬಂದು ನಿಮ್ಮ ಬಾಗಿಲು ತಟ್ಟುತ್ತಿದ್ದೆ. ನೀವು ತೆಗೆಯುತ್ತಿರಲಿಲ್ಲ. ಮನೆಯಲ್ಲಿಲ್ಲ ಎಂದುಕೊಂಡು ಹೋದೆ ಎಂದು ನೀವು ತಿಳಿದಿರಬಹುದು. ಹಾಗಲ್ಲ. ನೀವು ಒಳಗಿರುವುದು ನನಗೆ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲದವರು ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವರ ಹಾಗೆ ಕೂರುತ್ತಾರೆ. ನಿದ್ದೆಯಲ್ಲ ಎಂದು ಯಾವ ಕಂಡಕ್ಟರಿಗಾದರೂ ತಿಳಿಯುತ್ತದೆ. ಎಬ್ಬಿಸಿ ಕೇಳುವುದೋ, ಗೊತ್ತಿಲ್ಲದವನ ಹಾಗೆ ಮುಂದೆ ಹೋಗುವುದೋ, ಅದೇ ಕಷ್ಟ. ನಾನು ಯಾವಾಗಲೂ ಮುಂದೆ ಹೋಗುತ್ತಿದ್ದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಮ್ಮ ವಿಷಯದಲ್ಲಿ ನಿಂತು ಇನ್ನೂ ಒಂದೆರಡು ಸಲ ತಟ್ಟಬೇಕಿತ್ತು. ಅದು ನನ್ನನ್ನು ಕೊರೆಯುತ್ತಿದೆ.

ಒಂದು ಭಾನುವಾರ ನಿಮ್ಮ ಹೊಸ ಮನೆಗೆ ಬರಲಾ? ಊಟ ಗೀಟ ಬೇಡ. ಕೂತು ಬರುತ್ತೇನೆ.

ಇಂತಿ,
ಪಕ್ಕದ ಮನೆ ಕಂಡಕ್ಟರ್


ಮೇ 3

ಕಂಡಕ್ಟರ್ ಅವರಿಗೆ,

ಉತ್ತರ ತಡವಾಯಿತು. ಮೊದಲು ಒಂದು ಪತ್ರ ಬರೆದಿದ್ದೆ, ಅದರಲ್ಲಿ ಮಂಡಿನೋವೆಂದೂ ಮುಂದಿನ ತಿಂಗಳು ನೋಡೋಣವೆಂದೂ ಇತ್ತು. ಅಂಚೆಗೆ ಹಾಕಲು ಹೋಗಿ ಅರ್ಧ ದಾರಿಯಲ್ಲಿ ಹರಿದೆ. ನನ್ನ ಮಂಡಿಗೆ ಏನೂ ಆಗಿಲ್ಲ.

ಕಚೇರಿಯ ವಿಷಯ ಆ ಹುಡುಗಿ ಹೇಳಿದಷ್ಟು ಚೆನ್ನಾಗಿರಲಿಲ್ಲ. ಗಟ್ಟಿಯಾಗಿ ಕೂತಿದ್ದೆ ಅನ್ನುವುದು ಸುಳ್ಳು, ಎರಡೂ ಕೈ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದೆ. ಅದೇ ಗುಮಾಸ್ತ. 'ಸದರಿ ಮನೆಯಲ್ಲಿ ನಾನೊಬ್ಬಳೇ ವಾಸವಾಗಿದ್ದು, ಅಲ್ಲಿದ್ದ ಸಾಮಾನುಗಳೆಲ್ಲ ನನ್ನವೇ' ಎಂದು ಓದಿ, ಮೊದಲನೇ ಸಲ ತಲೆಯೆತ್ತಿ ನನ್ನನ್ನು ನೋಡಿದ. 'ಹೌದಾ ಮೇಡಂ?' ಎಂದು ಕೇಳಿದ. ಕೇಳುವುದು ನಿಯಮವಂತೆ. ಹೌದು ಎಂದೆ. ಕೇಳಿಸಲಿಲ್ಲವೆಂದು ಅವನು ಮತ್ತೆ ಕೇಳಿದ, ಮತ್ತೆ ಹೇಳಬೇಕಾಯಿತು. ಆ ಲಿಫ್ಟ್ ಮೆಕ್ಯಾನಿಕ್ ತಲೆ ತಗ್ಗಿಸಿ ನೆಲ ನೋಡುತ್ತಿದ್ದ, ನನಗಿಂತ ಅವನೇ ಹೆಚ್ಚು ನಾಚಿದವನಂತಿದ್ದ. ಹುಡುಗಿ ಮಾತ್ರ ಅವತ್ತಿನ ಹಾಗೇ ಮೇಜಿನ ಮೇಲೆ ಕೈ ಚಾಚಿದಳು. ನಾನು ಕೈ ಹೊರಗೆ ತೆಗೆಯಲಿಲ್ಲ. ತೆಗೆಯಬೇಕಿತ್ತು.

ಕಾಗದ ತಿದ್ದಿಯಾಯಿತು, ಅವರ ತೆರಿಗೆ ಇಳಿಯಿತು, ನನ್ನದೂ ಹೋಯಿತು. ತಮ್ಮ ಖುಷಿಯಲ್ಲಿ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದ. 'ಇನ್ನು ನಿನ್ನ ಹೊಸ ಮನೇಲೇ ಊಟ, ಹೋಟೆಲ್ ಸಾಕು' ಎಂದ. ಆಯ್ತು ಎಂದೆ. ಅವನನ್ನು ಇನ್ನೂ ಕರೆದಿಲ್ಲ.

ಯಾಕೆಂದು ನಿಮಗೆ ಹೇಳುತ್ತೇನೆ. ಇಲ್ಲೂ ಶುರುವಾಗಿದೆ. ಬಟ್ಟೆಯಲ್ಲ ಈ ಸಲ. ಈ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಜನ ಬೇಡದ್ದನ್ನು ತಂದಿಡುತ್ತಾರೆ, ಕಾಲು ಮುರಿದ ಸ್ಟೂಲು, ದೀಪದ ಬುರುಡೆ, ಮಕ್ಕಳ ಸೈಕಲ್ಲು. ಮೊದಲು ಒಂದು ತಂದೆ. ಈಗ ಒಳಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ. 'ಸಾಮಾನುಗಳೆಲ್ಲ ನನ್ನವೇ' ಎಂದು ಸಹಿ ಹಾಕಿ ಮನೆಗೆ ಬಂದ ಸಂಜೆಯೇ ಒಂದು ಹಳೆಯ ಛತ್ರಿ ಎತ್ತಿಕೊಂಡು ಬಂದೆ. ಇದನ್ನು ಯಾರ ಮುಂದೆಯೂ ಹೇಳಿಲ್ಲ. ಹೇಳಿಕೆ ಬರೆದುಕೊಟ್ಟರೆ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದಾರೆ, ಬರೆದುಕೊಟ್ಟ ಹೊಸದರಲ್ಲಿ ನಾನೂ ಒಂದು ವಾರ ಹಾಗೇ ತಿಳಿದಿದ್ದೆ.

ಈ ಭಾನುವಾರ ಬನ್ನಿ. ಮುಂದಿನದು ಬೇಡ, ಇದೇ ಭಾನುವಾರ. ಎರಡನೇ ಮಹಡಿ, ಎಡಗಡೆ. ನೀವು ಬರುತ್ತೀರೆಂದು ನಾನು ಏನನ್ನೂ ಚೊಕ್ಕಟ ಮಾಡುವುದಿಲ್ಲ, ಮಾಡಲು ಕೂತರೆ ಮುಗಿಯಲಿಲ್ಲವೆಂದು ನಿಮ್ಮನ್ನು ಬೇಡವೆನ್ನುತ್ತೇನೆ. ಒಂದು ಕುರ್ಚಿಯ ಮೇಲಿನದನ್ನು ಮಾತ್ರ ಕೆಳಗಿಡುತ್ತೇನೆ. ಅಷ್ಟೆಲ್ಲ ನೋಡಿದ ಮೇಲೆ ನೀವು ಏನೂ ಅನ್ನದಿದ್ದರೂ ನನಗೆ ಕಷ್ಟ, ಏನಾದರೂ ಅಂದರೂ ಕಷ್ಟ. ಏನಾದರೂ ಅನ್ನಿ.

ತಟ್ಟಿದ ಕೂಡಲೇ ನಾನು ತೆಗೆಯಲಿಕ್ಕಿಲ್ಲ. ಒಳಗೇ ಇರುತ್ತೇನೆ, ಬಾಗಿಲ ಹಿಂದೆಯೇ ನಿಂತಿರುತ್ತೇನೆ. ನೀವು ಮಾತ್ರ ಮುಂದೆ ಹೋಗಬೇಡಿ.

ಇಂತಿ,
ಲಾಂಡ್ರಿ ಅಕ್ಕ